ಪಕ್ಕದ ಸೀಟಿನ ಬ್ರೇಕು

ಜೂನ್ ೩, ಸೋಮವಾರ

ಡೈರಿ ಗೀರಿ ಬರೆಯುವ ಹೆಂಗಸಲ್ಲ ನಾನು. ಇದು ಅಕ್ಕ ಹೇರಿದ ಶಿಕ್ಷೆ. ನಿನ್ನೆ ಫೋನ್ ಮಾಡಿ, “ನಿನ್ನ ಬಾಯಿಗೆ ಬೀಗ ಇಲ್ಲ ಕಣೇ. ಅಲ್ಲಿ ಸಿಟ್ಟು ಬಂದ್ರೆ ಒಂದಕ್ಷರ ಆಡ್ಬೇಡ. ಮನೆಗೆ ಬಂದು ಎಲ್ಲಾದ್ರೂ ಬರ್ಕೊಂಡು ಮುಚ್ಚಿಡು” ಎಂದಳು. ಹಿಂದೆ ಶಾಲೆಯ ವ್ಯಾನ್ ಓಡಿಸುತ್ತಿದ್ದೆನಲ್ಲ, ಆ ಕೆಲಸ ಬಿಡುವಾಗ ನಾನು ಆಡಿದ ಮಾತು ಅವಳಿಗೆ ಇನ್ನೂ ನೆನಪಿದೆ. ಆಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಆ ಶಾಲೆಯ ಬೀದಿಯಲ್ಲಿ ನಾನು ತಲೆ ತಗ್ಗಿಸಿ ನಡೆಯಬೇಕು ಎನ್ನುವುದು ಅಕ್ಕನ ಅಭಿಪ್ರಾಯ.

ಈಗ ಸೇರಿರುವುದು ಡ್ರೈವಿಂಗ್ ಸ್ಕೂಲಿಗೆ. ಕಾರು ಕಲಿಸುವ ಕೆಲಸ. ಯಜಮಾನಿ ಬೇರೆ ಯಾರೂ ಅಲ್ಲ, ಅಕ್ಕನ ಓರಗಿತ್ತಿ, ಭಾವನ ಅಣ್ಣನ ಹೆಂಡತಿ. ಒಂದೇ ಕಟ್ಟಡ. ಕೆಳಗೆ ಆಫೀಸು, ಮೊದಲ ಮಹಡಿಯಲ್ಲಿ ಓರಗಿತ್ತಿಯ ಸಂಸಾರ, ಅದರ ಮೇಲೆ ಅಕ್ಕನದು. “ಅವರೇ ನಿನ್ನ ಬೇಕು ಅಂತ ಕೇಳಿದ್ರು” ಎಂದು ಅಕ್ಕ ಹೇಳಿದ್ದರಿಂದ ಒಪ್ಪಿಕೊಂಡೆ. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟಳು. “ನಮಗೆ ನೀರಿನ ಟ್ಯಾಂಕು ಒಂದೇ, ಗೇಟು ಒಂದೇ, ಅತ್ತೆನೂ ಒಬ್ರೇ. ನೀನು ಕೆಳಗೆ ಒಂದು ಮಾತಾಡಿದ್ರೆ ನಾನು ಮೇಲೆ ಹತ್ತು ಕೇಳ್ಬೇಕು. ನನ್ನ ಮನೆ ನೆಮ್ಮದಿ ನಿನ್ನ ನಾಲಿಗೆ ಮೇಲಿದೆ.”

ಇಷ್ಟು ದಿನ ಮನೆಯಲ್ಲಿ ನಾನೂ ಅವರನ್ನು ‘ಅಕ್ಕ’ ಎನ್ನುತ್ತಿದ್ದೆ. ಇಂದು ಬೆಳಿಗ್ಗೆ ಹಾಗೆ ಕರೆದರೆ, ಕನ್ನಡಕ ಇಳಿಸಿ ನೋಡಿ, “ಇಲ್ಲಿ ಮೇಡಂ” ಎಂದರು. ಆಯಿತು ಮೇಡಂ ಎಂದೆ. ಒಂದಕ್ಷರ ಹೆಚ್ಚಿಗೆ ಆಡಲಿಲ್ಲ. ಅಕ್ಕ, ನಿನ್ನ ತಂಗಿ ಪಾಸಾದಳು.

ಜೂನ್ ೫, ಬುಧವಾರ

ಇಂದು ಸಿಟ್ಟು ಬಂತು. ಅಕ್ಕ ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವರು ಒತ್ತಲಿ ಎಂದು. ಕಷ್ಟಕಾಲಕ್ಕೆ ಇಟ್ಟದ್ದು ಅದು. ಇಲ್ಲಿ ನನಗಿಂತ ಮೊದಲು ಇದ್ದ ಹಳೆ ಮಾಸ್ಟರು, ಈಗ ವಯಸ್ಸಾಯಿತೆಂದು ಬಿಡುತ್ತಿರುವವರು, ಇಂದು ನನಗೆ ಕೆಲಸ ತೋರಿಸಿಕೊಟ್ಟರು. ಕಲಿಯಲು ಬಂದಾಕೆ ಸ್ಟೀರಿಂಗ್ ಹಿಡಿದು ಕೂತಳು. ಗೇರು ಇವರು ಹಾಕಿದರು. ಕ್ಲಚ್ಚು ಇವರ ಕಾಲಲ್ಲಿ, ಬ್ರೇಕೂ ಇವರ ಕಾಲಲ್ಲಿ. ಆಕೆ “ಅಯ್ಯೋ ನಾನೇ ಓಡಿಸ್ತಿದೀನಿ!” ಎಂದು ಚಿಕ್ಕ ಮಗುವಿನ ಹಾಗೆ ನಗುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದೆ. ಆಕೆಯ ಎಡಗಾಲು ಚಪ್ಪಲಿ ಬಿಟ್ಟು ಆರಾಮವಾಗಿ ನೆಲದ ಮೇಲೆ ಮಲಗಿತ್ತು.

“ಇದೇನು ಮಾಸ್ಟ್ರೇ, ಹೀಗಾದ್ರೆ ಅವರು ಕಲಿಯೋದು ಯಾವಾಗ?” ಎಂದು ಆಮೇಲೆ ಕೇಳಿದೆ.

“ಮೇಡಂ ಪದ್ಧತಿ ಇದು. ಬಂದೋರು ಖುಷಿಯಾಗಿ ಹೋಗ್ಬೇಕು, ಗಾಡಿಗೆ ಗೀರು ಬೀಳ್ಬಾರ್ದು. ಟೆಸ್ಟಿನ ದಿನಾನೂ ನಾವೇ ಪಕ್ಕದಲ್ಲಿ ಕೂರ್ತೀವಲ್ಲ.”

ಮೂಗಿಗೆ ತುಪ್ಪ ಸವರುವುದು ಎಂದು ಕೇಳಿದ್ದೆ. ಕಾಲಿನಿಂದಲೂ ಸವರಬಹುದು ಎಂದು ಇಂದು ಗೊತ್ತಾಯಿತು. ಮೇಡಂ ಮುಂದೆ ಹೋಗಿ ಕೇಳಬೇಕೆನಿಸಿತು: ನೀವು ನಡೆಸುತ್ತಿರುವುದು ಸ್ಕೂಲೋ, ಮಕ್ಕಳು ಕೂರುವ ತಿರುಗುವ ಕುದುರೆಯೋ ಎಂದು. ಕೇಳಿದ್ದು ಇಷ್ಟು: “ನಾಳೆ ಎಷ್ಟು ಗಂಟೆಗೆ ಬರ್ಲಿ ಮೇಡಂ?”

ಜೂನ್ ೯, ಭಾನುವಾರ

ಇಂದು ರಜೆ. ಆದರೂ ಮೇಡಂ ಸಂಸಾರವನ್ನು ಊರಾಚೆಯ ನೆಂಟರ ಮನೆಗೆ ಬಿಟ್ಟು, ಸಂಜೆಯವರೆಗೆ ಕಾದು, ಕರೆತಂದೆ. “ನೀನು ನಮ್ಮೋಳೇ ಅಲ್ವಾ” ಎಂದರು. ನೆಂಟರ ಮನೆಯಲ್ಲಿ ನಮ್ಮೋಳಿಗೆ ಕಾಫಿ ಕಾರಿಗೇ ಬಂತು.

ಜೂನ್ ೧೨, ಬುಧವಾರ

ಮೇಡಂ ಭಾಷೆಯ ವ್ಯಾಕರಣ ತಿಳಿಯಿತು. ಕೆಲಸ ಆಗಬೇಕಿದ್ದರೆ ‘ನೀನು’. ತಪ್ಪು ಹುಡುಕಿದ್ದರೆ ‘ನೀವು’. ಲೋಕಕ್ಕೆಲ್ಲ ಬಹುವಚನ ಎಂದರೆ ಮರ್ಯಾದೆ. ಇಲ್ಲಿ ಮೇಡಂ “ಬನ್ನಿ” ಎಂದರೆ ಎದೆ ಢವಢವ ಎನ್ನುತ್ತದೆ.

ಇಂದು “ಬನ್ನಿ” ಎಂದರು.

ನಡೆದದ್ದು ಇಷ್ಟು. ಹಳೆ ಮಾಸ್ಟರ ಶಿಷ್ಯೆಯೊಬ್ಬರು ನನ್ನ ಪಾಲಿಗೆ ಬಂದಿದ್ದಾರೆ. ನಿವೃತ್ತ ಲೆಕ್ಕದ ಟೀಚರು. ಇಷ್ಟು ವರ್ಷ ಗಂಡ ಕಾರು ಓಡಿಸುತ್ತಿದ್ದರು, ಅವರು ಹೋದ ಮೇಲೆ ಕಾರು ಮನೆ ಮುಂದೆ ಧೂಳು ಕುಡಿಯುತ್ತ ನಿಂತಿದೆ. ಟೀಚರಮ್ಮ ನೇರ ಕೂತು, ಕನ್ನಡಿ ಸರಿಮಾಡಿಕೊಂಡು, “ನನಗೆ ಎಲ್ಲಾ ಬರುತ್ತೆ, ಸ್ವಲ್ಪ ಅಭ್ಯಾಸ ಸಾಕು” ಎಂದರು. ಸಂತೋಷ ಎಂದು ನಾನು ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡು ಕೂತೆ. ಕಾರು ಒಂದು ಸಲ ಜಿಗಿದು ಆಫ್ ಆಯಿತು. ಮತ್ತೆ ಆಫ್. ಹಿಂದಿನಿಂದ ಹಾರ್ನು. ಮತ್ತೆ ಆಫ್. ಟೀಚರಮ್ಮನ ಕುತ್ತಿಗೆ ಬೆವರಿತು.

“ಕಾರು ಕೆಟ್ಟಿದೆ” ಎಂದರು.

“ಕಾರು ಸರಿಯಿದೆ ಅಮ್ಮ. ಕ್ಲಚ್ಚು ನಿಧಾನ ಬಿಡಿ. ಅರ್ಧಕ್ಕೆ ಬಂದಾಗ ಗಾಡಿ ಸಣ್ಣಗೆ ನಡುಗುತ್ತೆ, ಅಲ್ಲಿ ಕಾಲು ನಿಲ್ಸಿ.”

“ನನಗೆ ಯಾವತ್ತೂ ನಡುಗಿಲ್ಲ! ಮಾಸ್ಟ್ರ ಜೊತೆ ಎಷ್ಟು ಚೆನ್ನಾಗಿ ಓಡಿಸ್ತಿದ್ದೆ!”

ಇಳಿದವರೇ ನೇರ ಆಫೀಸಿಗೆ ಹೋಗಿ ದೂರು ಕೊಟ್ಟರು. ಮೇಡಂ ನನ್ನನ್ನು ಕರೆದು, “ನೋಡಿ, ನಿಮ್ಮ ಕಾಲು ಪೆಡಲ್ ಮೇಲೇ ಇರ್ಲಿ. ಹಿರಿಯರನ್ನ ಅಳಿಸೋಕೆ ನಿಮ್ಮನ್ನ ಇಟ್ಕೊಂಡಿಲ್ಲ” ಎಂದರು. ನನ್ನ ಬಾಯಿಯಲ್ಲಿ ಎಂಥ ಮಾತು ಇತ್ತು ಎಂದು ದೇವರೇ ಬಲ್ಲ! ಹೊರಬಂದದ್ದು “ಆಯ್ತು ಮೇಡಂ.”

ಮೇಲಿನ ಮಹಡಿಯ ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. ಬಟ್ಟೆ ಒಣಹಾಕುತ್ತಿದ್ದಳೋ, ನನ್ನ ನಾಲಿಗೆಗೆ ಕಾವಲಿದ್ದಳೋ. ಕೈ ಬೀಸಿದಳು. ನಾನು ಬೀಸಲಿಲ್ಲ.

ಜೂನ್ ೨೦, ಗುರುವಾರ

ಎಂಟು ದಿನದಿಂದ ನನ್ನ ಕಾಲು ಪೆಡಲ್ ಮೇಲೇ ಇದೆ. ಟೀಚರಮ್ಮನಿಗೆ ನಾನು ಈಗ ಬಹಳ ಇಷ್ಟ. “ನೀನೂ ಕಲಿಸೋದು ಕಲಿತ್ಕೊಂಡೆ” ಎಂದು ಬೆನ್ನು ತಟ್ಟಿದರು. ಮನೆಗೆ ಬಂದು ಅನ್ನಕ್ಕಿಟ್ಟು ಅದು ಸೀದುಹೋಗುವವರೆಗೆ ಸುಮ್ಮನೆ ಕೂತಿದ್ದೆ.

ಆಸ್ಪತ್ರೆಯವರು ರೋಗಿಗಳನ್ನು ಕರೆತರುವ ವ್ಯಾನಿಗೆ ಡ್ರೈವರು ಬೇಕೆಂದಿದ್ದಾರೆ. ಮುಂದಿನ ತಿಂಗಳ ಕೊನೆಗೆ ಬಾ ಎಂದಿದ್ದಾರೆ. ಬಿಡುವುದೇ ಸರಿ.

ಬಿಡುವುದು ದೊಡ್ಡದಲ್ಲ. ಜಗಳವಿಲ್ಲದೆ ಬಿಡುವುದು ಹೇಗೆ? ಸೇರಿ ತಿಂಗಳೂ ಆಗಿಲ್ಲ.

ಜೂನ್ ೨೪, ಸೋಮವಾರ

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅತ್ತಲಿಂದ ಮೂಗು ಸೀಟಿದ ಸದ್ದು.

“ಇಷ್ಟು ಬೇಗ ಬಿಟ್ರೆ ಅವರೇನು ಅಂದ್ಕೋತಾರೆ? ಇನ್ನೊಂದು ವರ್ಷ ಇರೇ.”

“ಒಂದು ವಾರವೂ ಆಗಲ್ಲ.”

“ಹಂಗಾದ್ರೆ ಸಿಟ್ಟಿನಲ್ಲಿ ಹೇಳ್ಬೇಡ. ಮೊದ್ಲು ಅವರನ್ನ ಹೊಗಳು. ನಿಮ್ಮಿಂದ ಬಹಳ ಕಲಿತೆ ಅನ್ನು. ಆಮೇಲೆ ಆರೋಗ್ಯ ಸರಿಯಿಲ್ಲ ಅನ್ನು. ಸೊಂಟನೋವು ಅನ್ನು. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು.”

ಏನು ಹೇಳಬೇಕು, ಯಾವ ಮಾತಿನ ಹಿಂದೆ ಯಾವುದು, ಎಲ್ಲಿ ನಗಬೇಕು ಎಲ್ಲವನ್ನೂ ಬಾಯಿಪಾಠ ಮಾಡಿಸಿದಳು. ನನ್ನ ಸೊಂಟ ಕಲ್ಲಿನ ಹಾಗಿದೆ. ಆದರೂ ಇವಳ ನೆಮ್ಮದಿಗಾಗಿ ನಾಳೆಯಿಂದ ಸೊಂಟ ಹಿಡಿದುಕೊಂಡು ಓಡಾಡಬೇಕು.

ಜೂನ್ ೨೮, ಶುಕ್ರವಾರ

ಹೇಳಿಬಿಟ್ಟೆ! ಒಂದು ಕೆಟ್ಟ ಮಾತಿಲ್ಲದೆ, ದನಿ ಏರಿಸದೆ.

ನಿಮ್ಮಿಂದ ಬಹಳ ಕಲಿತೆ ಮೇಡಂ ಎಂದೆ. ಮುಖ ಅರಳಿತು. ನಿಮ್ಮ ಹಾಗೆ ಸಂಸ್ಥೆ ನಡೆಸುವವರು ಅಪರೂಪ ಎಂದೆ. ಅದು ನಿಜ, ಇನ್ನೊಬ್ಬರು ಯಾರೂ ಇರಲಾರರು. ಸೊಂಟನೋವು ಎಂದೆ. ತಮಗೂ ಇದೆ ಎಂದು ಯಾವುದೋ ಎಣ್ಣೆ ಹೇಳಿದರು. ಇನ್ನು ಮುಂದೆ ಕಷ್ಟ ಮೇಡಂ, ಕೆಲಸಕ್ಕೆ ಯಾರಾದರೂ ಸಿಕ್ಕೇ ಸಿಗುತ್ತಾರೆ, ನಮ್ಮ ಸಂಬಂಧ ಹೀಗೇ ಇರಲಿ ಎಂದೆ. “ಇರುತ್ತೆ ಬಿಡು, ನೀನು ನಮ್ಮೋಳೇ ಅಲ್ವಾ” ಎಂದರು. ಕೀಲಿಕೈ ಮೇಜಿನ ಮೇಲಿಟ್ಟು, ಕೈಮುಗಿದು, “ಬರ್ತೀನಿ ಮೇಡಂ” ಎಂದೆ. ನಗುತ್ತಾ ತಲೆಯಾಡಿಸಿದರು.

ಅಷ್ಟೇ! ಇದಕ್ಕೆ ಇಷ್ಟು ಹೆದರಿದ್ದೆನೇ? ಅಕ್ಕನಿಗೆ ಫೋನ್ ಮಾಡಿ ಹೇಳಿದರೆ, “ನೋಡಿದ್ಯಾ, ಬಾಯಿ ಒಂದು ಚೆನ್ನಾಗಿದ್ರೆ…” ಎಂದಳು. ಆದರೆ ದನಿ ಸಪ್ಪಗಿತ್ತು. ಸೋತವರ ಹಾಗೆ.

ಜೂನ್ ೨೯, ಶನಿವಾರ

ಬೆಳಿಗ್ಗೆ ಹಾಯಾಗಿ ಮಲಗಿದ್ದೆ. ಫೋನು.

“ಎಲ್ಲಿದೀರಿ? ಮೊದಲನೇ ಕ್ಲಾಸಿನವರು ಬಂದು ಕೂತಿದಾರೆ!”

‘ನೀವು’ ಕೇಳಿದೊಡನೆ ಎದ್ದು ಕೂತೆ. “ಮೇಡಂ, ನಿನ್ನೆ ಹೇಳಿದ್ನಲ್ಲ…”

“ಏನು ಹೇಳಿದ್ರಿ? ಬರ್ತೀನಿ ಅಂದ್ರಲ್ಲ!”

ಬರುತ್ತೇನೆ ಎಂದೆ. ನಿಜ. ಮತ್ತೇನೆನ್ನಬೇಕಿತ್ತು? ‘ಹೋಗ್ತೀನಿ’ ಎಂದರೆ ಅಪಶಕುನ ಎಂದು ಮಾತು ಕಲಿಯುವಾಗಲೇ ತಲೆಗೆ ಮೊಟಕಿ ಹೇಳಿಕೊಟ್ಟಿದ್ದಾರೆ. ಈ ಭಾಷೆಯಲ್ಲಿ ಹೊರಟವರೆಲ್ಲ ಬರುವವರೇ! ಮೇಡಂ ಪ್ರಕಾರ ನಾನು ನಿನ್ನೆ ಬಂದು ಅವರನ್ನು ಹೊಗಳಿ, ಸೊಂಟನೋವಿಗೆ ಎಣ್ಣೆ ಕೇಳಿ, ಭಾರದ ಕೆಲಸಕ್ಕೆ ಸಹಾಯಕರು ಬೇಕೆಂದು ಸೂಚಿಸಿ, ಬರುತ್ತೇನೆ ಎಂದು ಹೋದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಇನ್ನೇನಾಗುತ್ತದೆ?

ಹೋದೆ. ಕ್ಲಾಸು ತೆಗೆದುಕೊಂಡೆ. ಮೇಜಿನ ಮೇಲೆ ನನಗಾಗಿ ಎಣ್ಣೆ ಶೀಶೆ ಇತ್ತು. ಅದನ್ನು ಗೋಡೆಗೆ ಎಸೆಯಬೇಕೆನಿಸಿತು. ಚೀಲದಲ್ಲಿ ಹಾಕಿಕೊಂಡು ಬಂದೆ.

ಜುಲೈ ೫, ಶುಕ್ರವಾರ

ಟೀಚರಮ್ಮ ಸಿಹಿ ಡಬ್ಬ ಹಿಡಿದುಕೊಂಡು ಬಂದರು. ಲೈಸೆನ್ಸ್ ಬಂತಂತೆ. ಟೆಸ್ಟಿನ ದಿನ ಪಕ್ಕದಲ್ಲಿ ಕೂತಿದ್ದವರು ಹಳೆ ಮಾಸ್ಟರು. ಮೇಡಂ ಎದ್ದು ಅಭಿನಂದಿಸಿದರು. ಆಫೀಸಿನಲ್ಲಿ ಇನ್ನೂ ಇಬ್ಬರು ಸೇರಲು ಬಂದವರು ಕೂತಿದ್ದರು.

“ಸೋಮವಾರದಿಂದ ಮೊಮ್ಮಗಳನ್ನ ನಾನೇ ಸ್ಕೂಲಿಗೆ ಬಿಡೋದು” ಎಂದರು ಟೀಚರಮ್ಮ. “ಅವಳು ಮುಂದಿನ ಸೀಟಲ್ಲೇ ಕೂರ್ತಾಳಂತೆ.”

“ಬೇಡಿ ಅಮ್ಮ” ಎಂದೆ. “ನಿಮಗೆ ಕಾರು ಓಡಿಸೋಕೆ ಬರಲ್ಲ.”

ಮೇಡಂ “ನೀವು ಸ್ವಲ್ಪ ಹೊರಗೆ…” ಎಂದು ನನ್ನತ್ತ ತಿರುಗಿ ಶುರುಮಾಡಿದರು. ನಾನು ಟೀಚರಮ್ಮನನ್ನೇ ನೋಡುತ್ತಾ ಹೇಳಿದೆ. “ಇಷ್ಟು ದಿನ ಕ್ಲಚ್ಚು ಬ್ರೇಕು ಎಲ್ಲ ನನ್ನ ಕಾಲಲ್ಲಿ ಇತ್ತು. ಅದಕ್ಕೆ ಮೊದಲು ಮಾಸ್ಟ್ರ ಕಾಲಲ್ಲಿ. ಬನ್ನಿ, ತೋರಿಸ್ತೀನಿ.”

ಹತ್ತಿರದ ಖಾಲಿ ಮೈದಾನಕ್ಕೆ ಹೋದೆವು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಮೇಡಂ ಕೂಡ ನಡೆದುಕೊಂಡು ಬಂದು ಮರದ ಕೆಳಗೆ ನಿಂತರು. ಕಾರು ಜಿಗಿಯಿತು, ಆಫ್ ಆಯಿತು. ಜಿಗಿಯಿತು, ಆಫ್. ಕೊನೆಗೆ ಟೀಚರಮ್ಮ ಸ್ಟೀರಿಂಗ್ ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡರು. ಅಳುತ್ತಾರೇನೋ ಎಂದುಕೊಂಡೆ. ಅಳಲಿಲ್ಲ. ಇಳಿದು ಹೋಗಿ ಮೇಡಂ ಎದುರು ನಿಂತರು.

“ಬರದ ಲೆಕ್ಕಕ್ಕೆ ನಾನು ಯಾವ ಮಗೂಗೂ ‘ಸರಿ’ ಹಾಕಿಲ್ಲಮ್ಮ” ಎಂದರು. “ನೀವು ನನಗೆ ಚಪ್ಪಾಳೆ ತಟ್ಟಿ ಕಳಿಸಿದ್ರಲ್ಲ.” ಆಮೇಲೆ ನನ್ನತ್ತ ತಿರುಗಿ, “ನೀನೂ ಅಷ್ಟೇ. ನಾಳೆ ಬೆಳಿಗ್ಗೆ ಬರ್ತೀನಿ. ಮೊದಲಿಂದ ಶುರುಮಾಡು” ಎಂದರು.

ಆಫೀಸಿಗೆ ಬಂದ ಮೇಲೆ ಮೇಡಂ ಬಾಗಿಲು ಹಾಕಿದರು. “ಎಲ್ಲರ ಮುಂದೆ ನನ್ನ ಮಾನ ತೆಗೆದ್ರಿ.”

“ತೆಗೆದೆ ಮೇಡಂ. ಆ ಮಗು ಮುಂದಿನ ಸೀಟಲ್ಲಿ ಕೂರ್ತಿತ್ತು. ಇನ್ನೊಂದು ಮಾತು. ನಾನು ಈ ಕೆಲಸ ಬಿಡ್ತಿದೀನಿ. ಸೊಂಟನೋವು ಸುಳ್ಳು. ನಿಮ್ಮ ಪದ್ಧತಿ ನನಗೆ ಆಗಲ್ಲ, ಅದಕ್ಕೆ ಬಿಡ್ತಿದೀನಿ. ಟೀಚರಮ್ಮನಿಗೆ ಸರಿಯಾಗಿ ಕಲಿಸಿ, ನಿಮಗೆ ಬೇರೆಯವರು ಸಿಗೋವರೆಗೆ ಇದ್ದು ಹೋಗ್ತೀನಿ. ಇದನ್ನ ನಮ್ಮಕ್ಕನ ಮೇಲೆ ಹಾಕ್ಬೇಡಿ. ಅವಳಿಗೂ ಇದಕ್ಕೂ ಸಂಬಂಧ ಇಲ್ಲ.”

ಮೇಡಂ ಕುರ್ಚಿಯಲ್ಲಿ ಕುಸಿದು ಕೂತು ನನ್ನನ್ನೇ ನೋಡಿದರು. ಆಮೇಲೆ, ನನ್ನ ಕಿವಿ ನಂಬಲಿಲ್ಲ, ನಕ್ಕರು.

“ನಿಮ್ಮಕ್ಕನಿಗೂ ಇದಕ್ಕೂ ಸಂಬಂಧ ಇಲ್ವಾ? ನನಗೆ ನೀನು ಬೇಕೇ ಇರ್ಲಿಲ್ಲ ಮಾರಾಯ್ತಿ! ಮಾಸ್ಟ್ರ ಅಳಿಯನಿಗೆ ಮಾತು ಕೊಟ್ಟಿದ್ದೆ. ನಿಮ್ಮಕ್ಕ ಬಂದು, ನನ್ನ ತಂಗೀನ ಇಟ್ಕೊಳ್ಳಿ ಅಂತ ಕೈ ಹಿಡ್ಕೊಂಡ್ಳು. ಅವಳು ಈ ಮನೆಗೆ ಬಂದಾಗಿಂದ ನನ್ನ ಹತ್ರ ಏನೂ ಕೇಳಿದವಳಲ್ಲ. ಹೆಂಗೆ ಇಲ್ಲ ಅನ್ನಲಿ? ನಿನ್ನ ಸೆಡವು ಎಲ್ಲಾ ಸಹಿಸ್ಕೊಂಡು, ಅವಳ ಮುಖ ನೋಡಿ ಸುಮ್ನಿದ್ದೆ.”

ಅಂದರೆ ಅಕ್ಕನ ನೆಮ್ಮದಿಗಾಗಿ ನಾನು ಇವರನ್ನು ಸಹಿಸಿದೆ, ಅಕ್ಕನ ಮರ್ಯಾದೆಗಾಗಿ ಇವರು ನನ್ನನ್ನು ಸಹಿಸಿದರು. ಎಂಥ ಸಂಸಾರ ನಮ್ಮದು! ಇಬ್ಬರೂ ಟೀಚರಮ್ಮನ ಸಿಹಿ ತಿಂದೆವು. ಕಾಲು ಎತ್ತಿ ಕಲಿಸಿದರೆ ಗಾಡಿಗೆ ಗೀರು ಬೀಳುತ್ತದೆ ಎಂದು ಅವರು ಇನ್ನೂ ವಾದ ಮಾಡುತ್ತಿದ್ದರು. ಬೀಳಲಿ ಎಂದೆ.

“ಅವರೇ ನಿನ್ನ ಬೇಕು ಅಂತ ಕೇಳಿದ್ರು” ಎಂದಿದ್ದಳಲ್ಲ ನಮ್ಮ ಅಕ್ಕ!

ಜುಲೈ ೬, ಶನಿವಾರ

ಅಕ್ಕ ಕಿಟಕಿಯಲ್ಲಿ ನಿಂತಿದ್ದಳು. ನಾನು ತಲೆ ಎತ್ತಿ ನೋಡಲಿಲ್ಲ.

ಜುಲೈ ೧೩, ಶನಿವಾರ

ಟೀಚರಮ್ಮ ಇಂದು ದಿಣ್ಣೆಯ ಮೇಲೆ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಹೊರಡಿಸಿದರು. ಬೆವರಿದ್ದರು. ನಾನೂ ಬೆವರಿದ್ದೆ. ಗೇಟಿನ ಕಂಬಕ್ಕೆ ಉಜ್ಜಿ ಕಾರಿಗೆ ಒಂದು ಗೀರು ಬಿತ್ತು. ಮೇಡಂಗೆ ನಾನೇ ಹೋಗಿ ಹೇಳಿದೆ. ಕೂಗಾಡಿದರು, ‘ನೀನು’ ಎಂದೇ ಕೂಗಾಡಿದರು.

ಜುಲೈ ೧೯, ಶುಕ್ರವಾರ

ಕೊನೆಯ ದಿನ. ಮಾಸ್ಟರ ಅಳಿಯ ಸೋಮವಾರದಿಂದ ಬರುತ್ತಾನೆ. ಮೊದಲ ವಾರ ಕಾಲು ಪೆಡಲ್ ಮೇಲೆ ಇಟ್ಟು, ಆಮೇಲೆ ಎತ್ತಲಿ ಎಂದು ಮೇಡಂ ಅವನಿಗೆ ಹೇಳಿದ್ದಾರಂತೆ. ಅಷ್ಟಾದರೂ ಆಯಿತು. ಹೊರಡುವಾಗ ಮೆಟ್ಟಿಲ ತನಕ ಬಂದರು.

ಅಲ್ಲಿಂದ ನೇರ ಮೇಲಕ್ಕೆ ಹತ್ತಿದೆ. ಎರಡು ವಾರ ಸಿಟ್ಟನ್ನು ಕಾಯಿಸಿಟ್ಟಿದ್ದೆ. ಅಕ್ಕ ಬಾಗಿಲು ತೆರೆದಳು. ಒಳಗೆ ಭಾವ ಟೀವಿ ಮುಂದೆ ಇದ್ದರು, ತಿರುಗಿಯೂ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿ ಕೇಳಿದೆ.

“ಯಾಕೆ ಸುಳ್ಳು ಹೇಳ್ದೆ? ಅವರಿಗೆ ನಾನು ಬೇಡವಾಗಿತ್ತು, ನನಗೆ ಅವರು ಬೇಡವಾಗಿತ್ತು. ನಡುವೆ ನಿಂತು ಇಬ್ಬರನ್ನೂ ಬೆಸೆದೆಯಲ್ಲ, ಯಾತಕ್ಕೆ? ನನಗೆ ಕೆಲಸ ಹುಡುಕ್ಕೊಳ್ಳೋಕೆ ಬರಲ್ವಾ?”

ಅಕ್ಕ ಒಲೆ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

“ಬರುತ್ತೆ” ಎಂದಳು. “ಎಲ್ಲೋ ದೂರ ಹುಡುಕ್ಕೊಂಡು ಹೋಗ್ತೀಯ. ಆರು ತಿಂಗಳಿಗೊಮ್ಮೆ ಬಂದು ನಿಂತ ಕಾಲಲ್ಲಿ ಹೋಗ್ತೀಯ. ಇಲ್ಲಿ ಕೆಳಗೆ ಇದ್ರೆ ದಿನಾ ನಿನ್ನ ದನಿ ಕೇಳುತ್ತೆ ಅಂತ ಕಣೇ. ಊಟಕ್ಕಾದ್ರೂ ಮೇಲೆ ಬರ್ತೀಯ ಅಂತ. ಮೊದಲ ವಾರ ದಿನಾ ಎರಡು ತಟ್ಟೆ ಇಟ್ಕೊಂಡು ಕೂತಿದ್ದೆ. ಇವರು ಟೀವಿ ಜೊತೆ ಮಾತಾಡ್ತಾರೆ, ಮಕ್ಕಳು ಫೋನ್ ಜೊತೆ. ನನಗೆ ಯಾರಿದಾರೆ?”

“ಬಾ ಅಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?” ಎಂದು ಕಿರುಚಿದೆ.

“ಅಂದ್ರೆ ಬರ್ತಿದ್ಯಾ?” ಎಂದು ಅವಳೂ ಕಿರುಚಿದಳು. ನಲವತ್ತಾರು ವರ್ಷದ ಹೆಂಗಸು, ಈ ಮನೆಯಲ್ಲಿ ಇವಳ ದನಿ ಇಷ್ಟು ಏರಿದ್ದು ನಾನಂತೂ ಕೇಳಿಲ್ಲ. ಭಾವ ಟೀವಿ ಸದ್ದು ಕಡಿಮೆ ಮಾಡಿದರು.

“ಬಟ್ಟೆ ತುಂಬ್ಕೋ” ಎಂದೆ. “ನನಗೆ ಹೊಸ ಕೆಲಸ ಶುರುವಾಗೋವರೆಗೆ ನಮ್ಮನೇಲಿ ಇರು.”

“ಇವರ ಊಟ?”

“ಅವರಿಗೂ ಎರಡು ಕೈಯಿದೆ.”

ಅಕ್ಕ ಒಲೆ ಒರೆಸುವ ಬಟ್ಟೆಯನ್ನು ಭಾವನ ಕೈಗೇ ಕೊಟ್ಟು, ಕೋಣೆಗೆ ಹೋದಳು. ಇಬ್ಬರೂ ಇಳಿದು ಬಂದೆವು. ಗೇಟಿನಲ್ಲಿ ಅವಳ ಓರಗಿತ್ತಿ ಚೀಲ ನೋಡಿ, “ಎಲ್ಲಿಗಮ್ಮ? ಯಾವಾಗ ಬರ್ತೀಯ?” ಎಂದರು. ಇಷ್ಟು ದಿನ ಅಕ್ಕ ಸೆರಗಿನ ತುದಿ ಹಿಡಿದು, ಅತ್ತೆಗೆ ಹೇಳಿ, ಇವರಿಗೆ ಹೇಳಿ, ಕಾರಣ ಹತ್ತು ಕೊಟ್ಟು ಹೊರಡುವವಳು.

“ತಂಗಿ ಮನೆಗೆ” ಎಂದಳು. “ಯಾವಾಗ ಬರ್ತೀನೋ ಗೊತ್ತಿಲ್ಲ.”

ಓರಗಿತ್ತಿ ಗೇಟು ತೆರೆದು ಹಿಡಿದರು.

ಬಂದು ಒಂದು ಗಂಟೆಯೂ ಆಗಿಲ್ಲ. ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ತೊಳೆದು, ತನಗೆ ಬೇಕಾದ ಹಾಗೆ ಜೋಡಿಸಿಟ್ಟಿದ್ದಾಳೆ. ಕೇಳುವುದಿಲ್ಲ, ಹೇಳುವುದಿಲ್ಲ. ಸಕ್ಕರೆ ಎಲ್ಲಿದೆ ಎಂದು ನನ್ನ ಮನೆಯಲ್ಲಿ ನಾನೇ ಅವಳನ್ನು ಕೇಳಬೇಕಾಗಿದೆ.